ಎಡಗಡೆ ಖಾಲಿ ಬಿಟ್ಟ ಅಂಗಡಿ

ಹೋದ ವಾರ ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಮೈಕಿನ ಮುಂದೆ ನಿಂತು ನಮ್ಮ ಕಣ್ಣಿನ ಟೀಚರ್ ಅವರನ್ನು ಹೊಗಳಿದರು. ಹೊಗಳಿದ್ದಕ್ಕೆ ನನ್ನ ತಕರಾರಿಲ್ಲ. ಆಕೆ ಅದಕ್ಕೆ ಅರ್ಹರು. ಆದರೆ ಕಾರ್ಯದರ್ಶಿಗಳ ಮಾತು ಹೀಗಿತ್ತು: "ಈ ಡಾಕ್ಟರಮ್ಮ ಕುರುಡರಾಗಿದ್ದ ನಮ್ಮ ಟೈಲರಿಗೆ ಹೋದ ದೃಷ್ಟಿಯನ್ನು ಮರಳಿ ತಂದುಕೊಟ್ಟರು." ಒಂದೇ ವಾಕ್ಯದಲ್ಲಿ ಮೂರು ಸುಳ್ಳು. ಆಕೆ ಡಾಕ್ಟರಲ್ಲ. ಟೈಲರ್ ಕುರುಡರಾಗಿರಲಿಲ್ಲ. ಹೋದ ದೃಷ್ಟಿ ಮರಳಿ ಬರಲೂ ಇಲ್ಲ. ಆದರೂ ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಕಣ್ಣಿನ ಟೀಚರ್ ಕೈ ಎತ್ತಿ ಏನೋ ತಿದ್ದಲು ಹೊರಟರು. ಮೈಕು ಅವರವರೆಗೆ ಬರಲಿಲ್ಲ. ಕಾರ್ಯಕ್ರಮ ಮುಗಿಯಿತು, ಎಲ್ಲರೂ ಕಾಫಿಗೆ ಎದ್ದರು.

ನಾನು ಬದುಕಿಡೀ ಜಮೀನು ಅಳೆದು ನಿವೃತ್ತನಾದವನು. ಕಲ್ಲು ನೆಟ್ಟ ಜಾಗ ಒಂದು, ನಕ್ಷೆ ತೋರಿಸುವ ಜಾಗ ಇನ್ನೊಂದು ಎಂದಾದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಈ ಸುಳ್ಳನ್ನು ನಂಬಿದವರು, ಕಣ್ಣು ಹೋದ ಮೇಲೆ ನೋಡಿಕೊಳ್ಳೋಣ, ಮರಳಿ ತಂದುಕೊಡಲು ಟೀಚರ್ ಇದ್ದಾರಲ್ಲ ಎಂದು ಕೈಕಟ್ಟಿ ಕೂರುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಕೆಲವನ್ನು ಕಣ್ಣಾರೆ ಕಂಡಿದ್ದೇನೆ. ಉಳಿದವನ್ನು ಸಂಬಂಧಪಟ್ಟವರ ಬಾಯಿಂದಲೇ ಕೇಳಿದ್ದೇನೆ.

ನಮ್ಮ ಬೀದಿಯ ಮೂಲೆಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ, ಕೊಳವೆಯಂಥ ಒಂದು ಕೋಣೆಯಿದೆ. ಅಕ್ಷರಗಳ ಹಲಗೆಯನ್ನು ದೂರದಲ್ಲಿ ನೇತುಹಾಕಬೇಕಾದ್ದರಿಂದ ಟೀಚರಿಗೆ ಉದ್ದದ ಕೋಣೆಯೇ ಬೇಕಿತ್ತು. ಉದ್ದ ಸಿಕ್ಕಿತು, ಅಗಲ ಸಿಗಲಿಲ್ಲ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿಯಬೇಕು. ಬಂದವರನ್ನೆಲ್ಲ ಕೂರಿಸಿ ಅಕ್ಷರ ಓದಿಸುತ್ತಾರೆಂದು ಮಕ್ಕಳು ಇಟ್ಟ ಹೆಸರು ಕಣ್ಣಿನ ಟೀಚರ್. ಈಗ ಅಜ್ಜಂದಿರೂ ಹಾಗೇ ಕರೆಯುತ್ತಾರೆ. ಆಕೆ ಆಪ್ಟೋಮೆಟ್ರಿಸ್ಟ್. ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕ ಕೊಡುವವರು, ಕಣ್ಣಿನೊಳಗಿನ ಒತ್ತಡ ಅಳೆಯುವವರು, ಕಣ್ಣಿನ ಹಿಂಬದಿಯ ನರವನ್ನು ದೀಪ ಹಿಡಿದು ನೋಡುವವರು. ಕಾಯಿಲೆಯ ಸಂಶಯ ಬಂದರೆ ಆಸ್ಪತ್ರೆಯ ಕಣ್ಣಿನ ವೈದ್ಯರ ಬಳಿಗೆ ಕಳಿಸುತ್ತಾರೆ. ಯಾರಾದರೂ "ಡಾಕ್ಟರೇ" ಎಂದರೆ, "ಡಾಕ್ಟರ್ ಆಸ್ಪತ್ರೇಲಿದ್ದಾರೆ. ನಾನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಓಡಿಸೋಳು" ಎನ್ನುತ್ತಾರೆ.

ಅವರ ಕೆಲಸದ ಕ್ರಮವೇ ಬೇರೆ. ಒಮ್ಮೆ ನಾನು ಕಾಯುತ್ತ ಕುಳಿತಿದ್ದಾಗ ಬಸ್ ಕಂಡಕ್ಟರ್ ಒಬ್ಬರು ಬಂದರು.

"ಟೀಚರ್, ಕನ್ನಡಕದ ಕಾಲು ಸಡಿಲ ಆಗಿದೆ, ಸ್ವಲ್ಪ ನೋಡಿ."

"ಕೊಡಿ. ನಿಮ್ಮಪ್ಪನ ಕಣ್ಣು ಹೇಗಿತ್ತು?"

"ಸಡಿಲ ಆಗಿರೋದು ನನ್ನ ಕನ್ನಡಕ ಟೀಚರ್, ನಮ್ಮಪ್ಪಂದಲ್ಲ."

"ಕನ್ನಡಕಕ್ಕೆ ಸ್ಕ್ರೂ ಸಾಕು. ಕಣ್ಣಿಗೆ ಮನೆಮಂದಿ ಪೂರ್ತಿ ಬೇಕು. ಅಪ್ಪ, ಅಮ್ಮ, ಅಣ್ಣ, ತಮ್ಮ, ಯಾರಿಗೆ ಏನಾಗಿತ್ತು, ಹೇಳ್ತಾ ಹೋಗಿ."

ಕಂಡಕ್ಟರ್ ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ನಮ್ಮ ಮನೆಯ ಮೂರು ತಲೆಮಾರಿನ ಕಣ್ಣಿನ ಚರಿತ್ರೆಯನ್ನು ನಾನು ಆಗಲೇ ಒಪ್ಪಿಸಿ ಕುಳಿತಿದ್ದೆ.

ಇನ್ನು ಟೈಲರ್ ವಿಷಯ. ಟೀಚರ ಕೋಣೆಯ ಎದುರು ಸಾಲಿನಲ್ಲಿ ಅಣ್ಣ-ತಂಗಿ ಇಬ್ಬರೇ ನಡೆಸುವ ಹೊಲಿಗೆ ಅಂಗಡಿಯಿದೆ. ಅಣ್ಣ ಬಟ್ಟೆ ಕತ್ತರಿಸಿ ಹೊಲಿಯುತ್ತಾರೆ. ತಂಗಿ ಗುಂಡಿ, ಅಂಚು ಮತ್ತು ಕಾಜಾ, ಅಂದರೆ ಗುಂಡಿ ತೂರಿಸುವ ಸೀಳು, ಇವುಗಳ ಕೆಲಸ ಮಾಡುತ್ತಾರೆ. ಅವರ ಕಾಜಾಗಳ ಅಚ್ಚುಕಟ್ಟಿಗೆ ಜನ ಅವರನ್ನೇ ಕಾಜಾ ಅಕ್ಕ ಎಂದು ಕರೆಯುತ್ತಾರೆ. ಇಬ್ಬರೂ ಐವತ್ತರ ಆಸುಪಾಸಿನವರು. ಒಬ್ಬರಿಗೊಬ್ಬರು ಆಸರೆ.

ಆ ದಿನ ನಾನು ಪ್ಯಾಂಟು ಮೋಟು ಮಾಡಿಸಲು ಹೋಗಿದ್ದೆ.

"ಒಗೆದೂ ಒಗೆದೂ ಉದ್ದ ಆಗಿದೆಯಮ್ಮ" ಎಂದೆ.

"ಪ್ಯಾಂಟು ಬೆಳೆದಿಲ್ಲ ಸಾರ್, ನೀವು ಇಳಿದಿದ್ದೀರಿ" ಎಂದರು ಕಾಜಾ ಅಕ್ಕ, ಬಾಯಲ್ಲಿ ದಾರ ಕಚ್ಚಿಕೊಂಡೇ.

ಅಷ್ಟರಲ್ಲಿ ಕಣ್ಣಿನ ಟೀಚರ್ ತಮ್ಮ ಬಿಳಿ ಕೋಟಿನ ಹರಿದ ಜೇಬು ಹೊಲಿಸಲು ಬಂದರು. ಬಂದವರು ಕೋಟು ಕೊಡದೆ ಬಾಗಿಲಲ್ಲೇ ನಿಂತುಬಿಟ್ಟರು. ಅಂಗಡಿಯ ಬಲಭಾಗದಲ್ಲಿ ಇಸ್ತ್ರಿ ಮೇಜು, ಬಟ್ಟೆಯ ಕಪಾಟು, ಗಿರಾಕಿಗಳ ಕುರ್ಚಿ, ಕೋಟು ತೊಡಿಸಿ ನೋಡುವ ಮರದ ಬೊಂಬೆ, ಎಲ್ಲ ಒಂದರ ಮೇಲೊಂದು ಬಿದ್ದಂತೆ ಒತ್ತಿಕೊಂಡಿದ್ದವು. ಅಣ್ಣನ ಮಿಷನ್ನಿನ ಎಡಕ್ಕೆ, ಗೋಡೆಯವರೆಗೆ, ಬರೀ ನೆಲ.

"ಅಂಗಡಿಗೆ ಸುಣ್ಣಬಣ್ಣ ಏನಾದ್ರೂ ಮಾಡಿಸ್ತಿದ್ದೀರಾ?"

"ಇಲ್ವಲ್ಲ ಟೀಚರ್."

"ಮತ್ತೆ ಈ ಕಡೆ ಯಾಕೆ ಖಾಲಿ?"

ಕಾಜಾ ಅಕ್ಕ ಹೆಮ್ಮೆಯಿಂದಲೇ ಹೇಳಿದರು: "ಆ ಕಡೆ ಏನಿಟ್ರೂ ನಮ್ಮಣ್ಣ ಹೋಗಿ ಗುದ್ದಿಕೊಳ್ತಾನೆ. ಮೊದಲು ಇಸ್ತ್ರಿ ಮೇಜು ತಾಗ್ತಿತ್ತು, ಈ ಕಡೆ ತಂದೆ. ಆಮೇಲೆ ಸ್ಟೂಲು, ಅದೂ ತೆಗೆದೆ. ಈಗ ನೋಡಿ, ಮೈದಾನ! ಬೇಕಾದ್ರೆ ಕುಣೀಬಹುದು."

"ನಾನು ಹುಟ್ಟಾ ಆನೆ ಟೀಚರ್" ಎಂದು ಟೈಲರ್ ನಕ್ಕರು. "ನಮ್ಮಮ್ಮ ಆಗಲೇ ಹೇಳ್ತಿದ್ರು."

"ಆನೆ ಎರಡೂ ಕಡೆ ಗುದ್ದುತ್ತೆ" ಎಂದರು ಟೀಚರ್. "ನೀವು ಯಾಕೆ ಒಂದೇ ಕಡೆ?"

ಮಿಷನ್ನಿನ ಸದ್ದು ನಿಂತಿತು. ಟೈಲರ್ ದಾರದ ಉರುಳೆಯೊಂದನ್ನು ಎತ್ತಿ, ಅದರ ತಳದ ಸಾಸಿವೆಗಾತ್ರದ ಅಕ್ಷರಗಳನ್ನು ಗಡಗಡ ಓದಿ, ಸಾಕೇ ಎನ್ನುವಂತೆ ಹುಬ್ಬು ಹಾರಿಸಿದರು. ಟೀಚರ್ ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟನ್ನು ಸರಿಸಿ ಕುಳಿತರು. ಅವರ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು ಎಂಬುದು ನನಗೆ ಆಗಲೇ ತಿಳಿದದ್ದು.

"ನಮ್ಮಪ್ಪ ಕೂದಲಿನಂಥ ಸ್ಪ್ರಿಂಗು ಹಿಡೀತಿದ್ರು. ಎದುರಿಗಿರೋದು ಅಷ್ಟು ಚೆನ್ನಾಗಿ ಕಾಣ್ತಿತ್ತು. ಪಕ್ಕದಲ್ಲಿರೋ ಬಾಗಿಲು ಕಾಣ್ತಿರಲಿಲ್ಲ. ವಯಸ್ಸು ಅಂದ್ಕೊಂಡು ಅಮ್ಮ ದಾರಿಗೆ ಅಡ್ಡ ಬರೋದನ್ನೆಲ್ಲ ತೆಗೆದಿಡ್ತಾ ಹೋದ್ರು. ನಮ್ಮನೇಲೂ ಹೀಗೇ ಒಂದು ಮೈದಾನ ಇತ್ತು. ಅದು ದೊಡ್ಡದಾಗ್ತಾ ಆಗ್ತಾ ಮನೆಯಷ್ಟೇ ಆಯ್ತು." ಕೋಟನ್ನು ಕಾಜಾ ಅಕ್ಕನ ಕೈಗಿಟ್ಟು ಎದ್ದರು. "ಜೇಬು ನಿಧಾನಕ್ಕೆ ಹೊಲೀರಿ. ಅಣ್ಣನ್ನ ನಾನು ಈಗಲೇ ಕರ್ಕೊಂಡು ಹೋಗ್ತೀನಿ."

ಟೈಲರ್ ತಾವಾಗಿ ಪರೀಕ್ಷೆಗೆ ಹೋದವರಲ್ಲ. ಹೀಗೆ, ಹೆಗಲ ಮೇಲಿನ ಅಳತೆ ಟೇಪನ್ನೂ ತೆಗೆಯದೆ, ಹೊರಟವರು. ಅವರಿಗಿದ್ದದ್ದು ಗ್ಲಾಕೋಮಾ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ, ನೋಡಿದ್ದನ್ನು ಮೆದುಳಿಗೆ ಒಯ್ಯುವ ನರ ಸವೆಯುತ್ತ ಹೋಗುವ ಕಾಯಿಲೆ. ಅವರಿಗೆ ಬಂದ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ಕದ್ದು ತಿನ್ನುತ್ತ ಬರುವುದರಿಂದ ನಡುವಿನ ನೋಟ ಕಡೆಯವರೆಗೂ ಚೆನ್ನಾಗಿಯೇ ಇರುತ್ತದೆ. ಆಸ್ಪತ್ರೆಯ ವೈದ್ಯರು ಸ್ಪಷ್ಟವಾಗಿ ಹೇಳಿದರು: ಹೋದದ್ದು ಬಾರದು; ಉಳಿದದ್ದನ್ನು ಔಷಧಿಯ ಹನಿಗಳಿಂದ ಕಾಯಬಹುದು. ಟೈಲರ್ ಹನಿಗಳನ್ನು ತಪ್ಪದೆ ಹಾಕಿಸಿಕೊಳ್ಳತೊಡಗಿದರು. ಹಾಕುತ್ತಿದ್ದವರು ತಂಗಿ.

ಕಾರ್ಯದರ್ಶಿಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ಟೀಚರ ಮಟ್ಟಿಗೆ ಮುಖ್ಯವಾದ ಭಾಗ ಇಲ್ಲಿಂದ ಶುರು. ಈ ಕಾಯಿಲೆ ಒಡಹುಟ್ಟಿದವರಿಗೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಎಡಗಣ್ಣಿಗೇ ಹೆಚ್ಚು ತಗುಲಿದ್ದರಿಂದ ಅಣ್ಣನ ಎಡಗಡೆಯ ನೋಟ ಆಗಲೇ ಹೋಗಿತ್ತು. ತಂಗಿಯದು ಇನ್ನೂ ಇದ್ದಿರಬಹುದು. ಅದನ್ನು ಉಳಿಸಬೇಕಾದರೆ ತಂಗಿ ಬರಬೇಕು. ತಂಗಿ ಬರಲೊಲ್ಲರು.

"ಒಂದೇ ಸಲಕ್ಕೆ ಸೂಜಿಗೆ ದಾರ ಹಾಕ್ತೀನಿ. ನನ್ನ ಕಣ್ಣಿಗೆ ಏನು ಧಾಡಿ?"

"ನಿಮ್ಮಣ್ಣನೂ ಉರುಳೆ ಓದಿದ್ರು."

"ಗಿರಾಕಿ ಕಾಯ್ತಿದ್ದಾರೆ ಟೀಚರ್, ನಾಳೆ ಬರ್ತೀನಿ."

ಆ ನಾಳೆ ಬರಲೇ ಇಲ್ಲ. ಟೀಚರ್ ಬೆಳಿಗ್ಗೆ ಬೀಗ ತೆಗೆಯುವಾಗೊಮ್ಮೆ, ಸಂಜೆ ಬೀಗ ಹಾಕುವಾಗೊಮ್ಮೆ ಬೀದಿಯ ಈಚೆಯಿಂದ "ಕಾಜಾ, ನಾಳೆ ಆಯ್ತಾ?" ಎಂದು ಕೂಗುತ್ತಿದ್ದರು. ಆಚೆಯಿಂದ "ಆಗ್ತಾ ಇದೆ ಟೀಚರ್!" ಎಂಬ ಉತ್ತರ. ಬೀದಿಗೆಲ್ಲ ಅದೊಂದು ತಮಾಷೆಯಾಯಿತು. ಹಣ್ಣಿನ ಗಾಡಿಯವನೂ ನಡುವೆ ಬಾಯಿ ಹಾಕತೊಡಗಿದ. ಆದರೆ ಅದರಲ್ಲಿ ತಮಾಷೆ ಇರಲಿಲ್ಲ. ಪ್ಯಾಂಟು ತರಲು ಹೋದ ದಿನ ಕಾಜಾ ಅಕ್ಕ ಮೆಲ್ಲನೆ ನನಗೆಂದರು: "ಅಣ್ಣಂದು ಹೀಗಾಯ್ತು. ನನಗೂ ಇದೆ ಅಂದ್ಬಿಟ್ರೆ ಏನು ಮಾಡೋದು ಸಾರ್? ಗೊತ್ತಾಗೋವರೆಗಾದ್ರೂ ನೆಮ್ಮದಿಯಾಗಿ ಹೊಲಿದುಕೊಂಡಿರ್ತೀನಿ."

ಮೆಲ್ಲನೆ ಆಡಿದ ಆ ಮಾತು ಅಣ್ಣನ ಕಿವಿಗೂ ಬಿದ್ದಿತ್ತು. ಅವರು ಮಿಷನ್ನು ನಿಲ್ಲಿಸಿ ಎದ್ದು ನಿಂತರು.

"ತಂಗಿ, ಆ ಸಾಮಾನೆಲ್ಲ ಮೊದಲು ಎಲ್ಲಿತ್ತೋ ಅಲ್ಲಿಡು."

"ಯಾಕಣ್ಣ, ತಾಗುತ್ತೆ!"

"ತಾಗ್ಲಿ. ಇಡು ಅಂದೆ."

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೇಜಿನ ಒಂದು ತುದಿ ನಾನೂ ಹಿಡಿದೆ. ಮೇಜು, ಸ್ಟೂಲು, ಬೊಂಬೆ, ಎಲ್ಲ ಎಡಕ್ಕೆ ಬಂದವು. ಟೈಲರ್ ಬಾಗಿಲಿನಿಂದ ಒಳಗೋಡೆಯತ್ತ, ಎಂದಿನಂತೆ ನೇರ ನೋಡುತ್ತ, ನಡೆದರು. ಮೇಜಿನ ಮೂಲೆ ಸೊಂಟಕ್ಕೆ ಬಡಿಯಿತು. ಸ್ಟೂಲು ಉರುಳಿತು. ಯಾರದೋ ಹೊಸ ಕೋಟು ತೊಟ್ಟಿದ್ದ ಬೊಂಬೆಗೆ ಹೆಗಲು ತಾಗಿ ಅದು ವಾಲಿದಾಗ, ಗಿರಾಕಿಯೆಂದೇ ತಿಳಿದು ತಬ್ಬಿ ಹಿಡಿದು, "ತಪ್ಪಾಯ್ತು ಸಾರ್, ನೋಡಲಿಲ್ಲ" ಎಂದರು.

ಕಾಜಾ ಅಕ್ಕನಿಗೆ ನಗು ಉಕ್ಕಿ ಬಂತು. ನಗುತ್ತ ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡರು.

ಟೈಲರ್ ಬೊಂಬೆಯ ಕೋಟಿನ ಕಾಲರು ಸರಿಪಡಿಸಿದರು. "ಇಷ್ಟು ಕಾಣಲ್ಲ ನನಗೆ. ನೀನು ಜಾಗ ಮಾಡಿಕೊಡ್ತಾ ಹೋದೆ, ನನಗೂ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಲಿಲ್ಲ. ನಾಳೆ ನಿನಗೆ ಯಾರು ಜಾಗ ಮಾಡ್ತಾರೆ? ನಾನಾ? ನಾವಿಬ್ರೂ ಸೇರಿ ಗೋಡೆನೇ ಒಡೀಬೇಕಾಗುತ್ತೆ. ಹೋಗು. ಇವತ್ತೇ ಹೋಗು."

ಸೂಜಿಯನ್ನು ದಿಂಬಿಗೆ ಚುಚ್ಚಿ ಕಾಜಾ ಅಕ್ಕ ಬೀದಿ ದಾಟಿದರು. ಜೊತೆಗೆ ಬನ್ನಿ ಎಂದು ಕಣ್ಣಲ್ಲೇ ಕರೆದದ್ದರಿಂದ ನಾನೂ ಹೋದೆ. ಟೀಚರ್ ನೋಡಿದವರೇ "ನಾಳೆ ಆಯ್ತು ಅನ್ನಿ" ಎಂದು ಕುರ್ಚಿ ಎಳೆದರು. ಗೆದ್ದ ಭಾವ ಮುಖದಲ್ಲಿರಲಿಲ್ಲ. ಒತ್ತಡ ಅಳೆದರು, ನರ ನೋಡಿದರು. ಬಳಿಕ ಕೋಣೆಯ ಹಿಂಬದಿಯ ಬೋಗುಣಿಯಂಥ ಯಂತ್ರಕ್ಕೆ ಗದ್ದ ಆನಿಸಿ ಕೂರಿಸಿದರು. ನಡುವಿನ ದೀಪವನ್ನೇ ದಿಟ್ಟಿಸುತ್ತ, ಅಂಚುಗಳಲ್ಲಿ ಎಲ್ಲಿ ಚುಕ್ಕೆ ಬೆಳಕು ಮಿಂಚಿದರೂ ಗುಂಡಿ ಒತ್ತಬೇಕು.

"ಗುಂಡಿ ಕೆಲಸ ಅಲ್ವಾ" ಎಂದರು ಟೀಚರ್, "ನಿಮಗೆ ಅಭ್ಯಾಸ ಇದೆ."

ಕಾಜಾ ಅಕ್ಕ ದೀಪದಿಂದ ಕಣ್ಣು ಕದಲಿಸದೆ, ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿದರು.

ಒತ್ತಡ ಹೆಚ್ಚಿತ್ತು. ನರದ ಅಂಚು ಸವೆಯಲು ಆಗತಾನೇ ಶುರುವಾಗಿತ್ತು. ನೋಟ ಮಾತ್ರ, ಎಡವೂ ಬಲವೂ, ಹೆಚ್ಚುಕಡಿಮೆ ಪೂರ್ತಿ ಉಳಿದಿತ್ತು. ಆಸ್ಪತ್ರೆಯ ವೈದ್ಯರೂ ಅದನ್ನೇ ಹೇಳಿ ಹನಿಗಳನ್ನು ಬರೆದುಕೊಟ್ಟರು.

"ಇದೆಯಾ, ಇಲ್ವಾ, ಒಂದೇ ಮಾತಲ್ಲಿ ಹೇಳಿ ಟೀಚರ್" ಎಂದು ಕಾಜಾ ಅಕ್ಕ ಆ ದಿನ ಪಟ್ಟು ಹಿಡಿದಿದ್ದರು. ಟೀಚರ ಉತ್ತರ ನನಗೆ ಅಕ್ಷರಶಃ ನೆನಪಿದೆ: "ಕಾಯಿಲೆ ಇದೆ. ಕಣ್ಣೂ ಇದೆ. ಎರಡೂ ಇರೋವಾಗ ಬಂದಿದ್ದೀರಲ್ಲ, ಅದಕ್ಕೆ ನನಗೆ ಸಂತೋಷ."

ಈಗ ಸಂಜೆಯಾದರೆ ಆ ಅಂಗಡಿಯಲ್ಲಿ ಅಣ್ಣನ ಮಿಷನ್ನೂ ತಂಗಿಯ ಸೂಜಿಯೂ ನಿಲ್ಲುತ್ತವೆ. ತಂಗಿ ಅಣ್ಣನಿಗೆ, ಅಣ್ಣ ತಂಗಿಗೆ ಹನಿ ಹಾಕುತ್ತಾರೆ. ಹನಿ ಮೂಗಿಗೆ ಇಳಿದುಹೋಗದಂತೆ ಮೂಗಿನ ಪಕ್ಕದ ಕಣ್ಣಂಚನ್ನು ಬೆರಳಿನಿಂದ ಒತ್ತಿ, ಇಬ್ಬರೂ ಕಣ್ಣು ಮುಚ್ಚಿ ಕೂರುತ್ತಾರೆ. ಎಷ್ಟೇ ಅವಸರದ ಗಿರಾಕಿಯಾದರೂ ಕಾಯಬೇಕು. ಸಾಮಾನು ಎಡಗಡೆಯೇ ಇದೆ. ಅದರ ಅಂಚುಗಳಿಗೆಲ್ಲ ಕಾಜಾ ಅಕ್ಕ ಹಳದಿ ಬಟ್ಟೆಯ ಪಟ್ಟಿ ಅಂಟಿಸಿದ್ದಾರೆ, ಟೈಲರ್ ತಲೆ ತಿರುಗಿಸಿ ನೋಡಿ ನಡೆಯುವುದನ್ನು ಕಲಿತಿದ್ದಾರೆ. ಬೊಂಬೆಗೆ ಮಾತ್ರ ಇಂದಿಗೂ ಆಗೀಗ ಕ್ಷಮಾಪಣೆ ಸಲ್ಲುತ್ತದೆ.

ಸಭೆಯ ಮರುದಿನ ಬೆಳಿಗ್ಗೆ ಕಾಜಾ ಅಕ್ಕನ ಮರುಪರೀಕ್ಷೆ ಇತ್ತು. ಕನ್ನಡಕ ಒರೆಸುವ ಬಟ್ಟೆ ಕೇಳುವ ನೆಪದಲ್ಲಿ ನಾನು ಅಲ್ಲಿದ್ದೆ. ಕಾರ್ಯದರ್ಶಿಗಳ ಭಾಷಣದ ಬಗ್ಗೆ ಸಿಟ್ಟಿನಿಂದ ಹೇಳಹೊರಟೆ. ಟೀಚರ್ ತುಟಿಗೆ ಬೆರಳಿಟ್ಟರು. ಪರೀಕ್ಷೆ ನಡೆಯುವಾಗ ಮಾತು ಕೂಡದು. ಯಂತ್ರ ನಿಂತಿತು. ಅದು ಬರೆದುಕೊಟ್ಟ ನೋಟದ ಹೊಸ ನಕ್ಷೆಯನ್ನು ಹಳೆಯದರ ಪಕ್ಕ ಹಿಡಿದು ಅವರು ಬಹಳ ಹೊತ್ತು ನೋಡಿದರು. ಕಾಜಾ ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು.

"ಇದ್ದ ಹಾಗೇ ಇದೆ" ಎಂದರು ಟೀಚರ್.

ಕಾಜಾ ಅಕ್ಕ ಎದ್ದು, ನನ್ನನ್ನು ಗೋಡೆಗೆ ಒತ್ತರಿಸಿ, ಆ ಕೊಳವೆಯಂಥ ಕೋಣೆಯ ಉದ್ದಕ್ಕೂ ಓಡಿ, ಬಾಗಿಲಲ್ಲಿ ನಿಂತು ಬೀದಿಯಾಚೆಗೆ ಕೂಗಿದರು: "ಅಣ್ಣಾ! ಇದ್ದ ಹಾಗೇ ಇದೆಯಂತೆ!"

ಟೈಲರ್ ಮಿಷನ್ನು ಬಿಟ್ಟು ಹೊಸ್ತಿಲಿಗೆ ಬಂದರು. ಮೊದಲು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದರು, ಆಮೇಲೆ ಬಲಕ್ಕೆ. ಗಾಡಿ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು ಬೀದಿಗೆ ಇಳಿದರು.