ಮುದ್ದೇಬಿಹಾಳದ ನಕಲು ಇಂಡಿಯಲ್ಲಿ

ಈಗ ಬ್ಯಾಕಪ್ ತಾನಾಗಿಯೇ ಆಗುತ್ತದೆ, ನನ್ನನ್ನು ಯಾರೂ ಕೇಳುವುದಿಲ್ಲ. ಆದರೂ ಹಾರ್ಡ್ ಡಿಸ್ಕಿಗೆ ಟವೆಲ್ ಸುತ್ತಿ, ಬುತ್ತಿಚೀಲದಲ್ಲಿಟ್ಟುಕೊಂಡು ಶನಿವಾರದ ಬಸ್ಸು ಹತ್ತುತ್ತಿದ್ದ ದಿನಗಳು ನೆನಪಾದರೆ ಜೀವ ಹಿಂಡಿದಂತಾಗುತ್ತದೆ. ಸಿಂದಗಿ ಬಸ್ ನಿಲ್ದಾಣದಲ್ಲಿ ಬಿಸಿ ಭಜಿ ತಿನ್ನುವಾಗಲೂ ಒಂದು ಕೈ ಆ ಚೀಲದ ಮೇಲೇ ಇರುತ್ತಿತ್ತು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ಊರಲ್ಲಿ ನಮ್ಮ ಸಂಸ್ಥೆಯ ಓದುವ ಕೇಂದ್ರಗಳಿದ್ದವು. ಒಂದೊಂದರಲ್ಲೂ ಒಂದು ಸರ್ವರ್, ಅದರೊಳಗೆ ಆ ಕೇಂದ್ರದ ಪುಸ್ತಕ, ರೆಕಾರ್ಡಿಂಗು ಎಲ್ಲವನ್ನೂ ಇಟ್ಟುಕೊಂಡ ಒಂದು ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ಅದರ ಡಿಸ್ಕ್ ಎಂದರೆ ಒಂದು ದೊಡ್ಡ ಫೈಲು ಅಷ್ಟೇ, ನಕಲು ಮಾಡಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ನನಗೆ ಕೆಲಸ ಕಲಿಸಿದ ಹಿರಿಯರದು ಒಂದೇ ನೇಮ: ಯಾವ ಊರಿನ ನಕಲೂ ಆ ಊರಲ್ಲಿ ಇರಕೂಡದು. ಬಾಗೇವಾಡಿಯದು ಮುದ್ದೇಬಿಹಾಳದಲ್ಲಿ, ಮುದ್ದೇಬಿಹಾಳದ್ದು ಇಂಡಿಯಲ್ಲಿ. "ಬಿತ್ತೋ ಕಾಳು ಬೀಗರ ಮನ್ಯಾಗೂ ಒಂದು ಚೀಲ ಇರ್ಲಿ ತಂಗಿ" ಎನ್ನುತ್ತಿದ್ದರು.

ನಕಲನ್ನು ಮರಳಿ ಹಾಕಲು ಅವರೇ ಬರೆದ ಸ್ಕ್ರಿಪ್ಟ್, ಒಂದು ಪುಟ್ಟ ಪ್ರೋಗ್ರಾಮು, ಇತ್ತು. ಕಪ್ಪು ಪರದೆಯ ಮೇಲೆ ಅವರ ಮಾತಿನ ಧಾಟಿಯಲ್ಲೇ ಪ್ರಶ್ನೆ ಮೂಡುತ್ತಿತ್ತು: "ಯಾವೂರಿಂದು?" ಆಮೇಲೆ "ಯಾವೂರಿಗೆ?" ಕೊನೆಗೆ, "ಅಲ್ಲಿದ್ದದ್ದು ಅಳಿಸಿ ಹೋಗತೈತಿ. ಹಾಕ್ಲೇನ್ರಿ?" ಕೀಬೋರ್ಡ್ ಬದಲಿಸಿ ಕನ್ನಡದಲ್ಲೇ "ಹೂಂ" ಎಂದು ಟೈಪ್ ಮಾಡಬೇಕು. ನನಗೆ ಮೈ ಉರಿಯುತ್ತಿತ್ತು. ಅವರು ನಿವೃತ್ತರಾದ ವಾರವೇ ಆ ಕೊನೆಯ ಪ್ರಶ್ನೆಯನ್ನು ಕಿತ್ತುಹಾಕಿದೆ. ಭಾರಿ ಶಾಣ್ಯಾಳಲ್ಲವೇ ನಾನು! ಹಾಗೆ ತಡೆದು ಕೇಳುವವರು ಈಗ ಯಾರಾದರೂ ಇದ್ದಿದ್ದರೆ ಅನಿಸುತ್ತದೆ.

ಒಂದು ಶುಕ್ರವಾರ ಬಾಗೇವಾಡಿಯ ಡಿಸ್ಕ್ ಕೆಟ್ಟಿತು. ಹೊಸದೊಂದನ್ನು ಹಿಡಿದು, ನಕಲಿದ್ದ ಮುದ್ದೇಬಿಹಾಳಕ್ಕೆ ಓಡಿ, ಅದಕ್ಕೆ ಬಾಗೇವಾಡಿ ಎಂದು ಹೆಸರಿಟ್ಟು ಅಲ್ಲಿನ ಸರ್ವರಿಗೆ ಜೋಡಿಸಿದೆ. ಯಾವೂರಿಂದು? ಬಾಗೇವಾಡಿ. ಯಾವೂರಿಗೆ? ಅದಕ್ಕೂ ಬಾಗೇವಾಡಿ ಎನ್ನಬೇಕಿತ್ತು. ಕೂತಿದ್ದು ಮುದ್ದೇಬಿಹಾಳದಲ್ಲಿ, ಬೆರಳು ಆ ಹೆಸರನ್ನೇ ಒತ್ತಿತು. ಸ್ಕ್ರಿಪ್ಟ್ ಮತ್ತೇನೂ ಕೇಳಲಿಲ್ಲ. ಮುದ್ದೇಬಿಹಾಳದ ಡಿಸ್ಕಿನ ಮೇಲೆ ಬಾಗೇವಾಡಿಯದು ಬಂದು ಕೂತಿತು.

ಇಂಡಿಯಿಂದ ಹಿಂದಿನ ಶನಿವಾರದ ನಕಲು ತಂದು ಹಾಕಿದೆ. ಎಲ್ಲ ಬಂತು, ಆ ವಾರದ್ದು ಬಿಟ್ಟು. ಆ ವಾರವೇ ಮುದ್ದೇಬಿಹಾಳದ ಶಾಲೆಯಲ್ಲಿ ಕಲಿಸುವ ಅಕ್ಕೋರು, ನಾಲತವಾಡದಲ್ಲಿ ಕುರಿ ಸಾಕುವ ಅಜ್ಜಿಯೊಬ್ಬಳ ಮಾತನ್ನು ರೆಕಾರ್ಡ್ ಮಾಡಿ ತಂದು ಕೇಂದ್ರದ ಆ ಮಷಿನ್ನಿನಲ್ಲಿ ಇಟ್ಟಿದ್ದರು. ತಾನು ಸಾಕಿದ ಕುರಿಗಳನ್ನೆಲ್ಲ ಅಜ್ಜಿ ಹೆಸರು ಹಿಡಿದು, ಇದು ಅದರ ಮಗಳು, ಅದು ಇನ್ನೊಂದರ ಮಗಳು ಎಂದು ಹೇಳಿದ್ದಳಂತೆ. ಫೋನಿನಲ್ಲಿ ಜಾಗವಿಲ್ಲವೆಂದು ಅಕ್ಕೋರು ಅಲ್ಲಿದ್ದದ್ದನ್ನು ಅಳಿಸಿಬಿಟ್ಟಿದ್ದರು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಳಬ್ಯಾಡ. ಮುದುಕಿ ಗಟ್ಟಿ ಅದಾಳ, ಮತ್ತ ಕೇಳೂಣು ನಡಿ" ಎಂದರು.

ಭಾನುವಾರ ಇಬ್ಬರೂ ಹೋದೆವು. ನಿಜ ಹೇಳುವ ಧೈರ್ಯವಾಗದೆ, ಇನ್ನೊಮ್ಮೆ ಕೇಳುವ ಆಸೆಯಾಯಿತು ಎಂದಷ್ಟೇ ಅಂದೆವು. ಅಜ್ಜಿ ಚಹಾ ಕೊಟ್ಟು ಖುಷಿಯಿಂದಲೇ ಶುರು ಮಾಡಿದಳು. ಈಗಿನ ಮರಿಗಳಿಂದ ಹಿಂದಕ್ಕೆ ಹಿಂದಕ್ಕೆ ಹೋಗುತ್ತ, ಮದುವೆಯಾದ ವರ್ಷ ತವರಿನಿಂದ ತನ್ನ ಜೊತೆ ನಡೆದು ಬಂದ ಮೊದಲ ಕುರಿಯ ಹತ್ತಿರ ಬಂದು ನಿಂತಳು. ಹೆಸರು ಬರಲಿಲ್ಲ. ಬೆರಳು ಮಡಚಿ ಮತ್ತೆ ಮೊದಲಿನಿಂದ ಬಂದಳು. ಆಗಲೂ ಬರಲಿಲ್ಲ.

"ಅವತ್ತ ಅಂದಿದ್ನಲ್ಲ ಯವ್ವಾ. ಎಷ್ಟೋ ವರ್ಷದ ಮ್ಯಾಲೆ ನೆಪ್ಪಾಗಿತ್ತು" ಎಂದಳು. ಕಣ್ಣಲ್ಲಿ ಗಾಬರಿಯಿತ್ತು. ಸ್ವಲ್ಪ ಹೊತ್ತಿಗೆ ಏನೋ ಹೊಳೆದು, ಮಷಿನ್ ನೋಡಿಕೊಳ್ಳುವಾಕಿ ಎಂದು ಅಕ್ಕೋರು ಪರಿಚಯಿಸಿದ್ದ ನನ್ನ ಕಡೆ ತಿರುಗಿ ನಕ್ಕಳು. "ಇರ್ಲಿ ಬಿಡು. ನಿಮ್ಮ ಮಷಿನ್ಯಾಗ ಹಾಕೀರಲ್ಲ? ನೋಡಿ ನನಗೂ ಹೇಳಿ ಕಳಸ್ರಿ."

ಅಕ್ಕೋರು ಖಾಲಿ ಕಪ್ಪುಗಳನ್ನು ಒಟ್ಟು ಮಾಡತೊಡಗಿದರು.

"ಹೇಳಿ ಕಳಸ್ತೇನ್ರಿ ಆಯಿ" ಎಂದೆ ನಾನು.