ಬೆನ್ನಿಗೆ ಸೀಸವಿಲ್ಲದ ಏಪ್ರನ್

ಮದುವೆಯಾದ ಏಳು ವರ್ಷಕ್ಕೆ ಹೊಟ್ಟೆಯಲ್ಲಿ ಕೂಸು ನಿಂತಿತ್ತು. ಅಣ್ಣಿಗೇರಿಯ ಮನೆಯಲ್ಲಿ ಅತ್ತೆ ಮೊದಲ ದಿನವೇ ತಾಕೀತು ಮಾಡಿದ್ದರು: “ಮೂರು ತಿಂಗಳು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡವಾ, ದೃಷ್ಟಿ ಆಗ್ತದ.” ನಾನು ದಿನಾ ರೈಲು ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ನರ್ಸು, ಓದಿದವಳು. ಆದರೂ ಬಾಯಿಗೆ ಬೀಗ ಹಾಕಿಕೊಂಡೆ.

ಆ ದಿನ ಸ್ತನದ ಕ್ಯಾನ್ಸರಿನ ಆಪರೇಷನ್ನು. ಗಡ್ಡೆ ತೆಗೆದ ಜಾಗದಲ್ಲೇ ಗುಂಡು ತುದಿಯ ಸಲಾಕೆಯಿಟ್ಟು, ಹೊಲಿಗೆ ಹಾಕುವ ಮೊದಲೇ ವಿಕಿರಣ ಕೊಡುತ್ತಾರೆ. ಆಗ ಎಲ್ಲರೂ ಹೊರಗೆ. ಅರಿವಳಿಕೆ ಡಾಕ್ಟರು ಮತ್ತು ಒಬ್ಬ ನರ್ಸು ಮಾತ್ರ ವಿಕಿರಣ ತಡೆಯುವ ಸೀಸದ ಏಪ್ರನ್ ಕಟ್ಟಿಕೊಂಡು ಸೀಸದ ಪರದೆಯ ಹಿಂದೆ. ಅಂದು ನನ್ನ ಪಾಳಿ. ವಿಕಿರಣದ ಸುರಕ್ಷತೆ ನೋಡುವ ಮೇಡಂ ಎಂದಿನಂತೆ ಕೇಳಿದರು: “ಯಾರರೆ ಹೊಟ್ಟಿಲೆ ಅದೀರೇನ್ರಿ?”

“ಎಲ್ಲೀದು ಬಿಡ್ರಿ ಮೇಡಂ!” ಎಂದು ನಕ್ಕೆ.

ಬಾಗಿಲು ಮುಚ್ಚಿತು, ಕೆಂಪು ದೀಪ ಹತ್ತಿತು. ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ಬಿಸಿಯೂ ತಾಗುವುದಿಲ್ಲ. ಅದಕ್ಕೇ ಇನ್ನಷ್ಟು ಅಂಜಿಕೆ. ಅಷ್ಟರಲ್ಲಿ ಡಾಕ್ಟರು ಯಾವುದೋ ಔಷಧಿ ಕೇಳಿದರು. ಹಿಂದಿದ್ದ ಟ್ರಾಲಿಯತ್ತ ತಿರುಗಿ ಹುಡುಕಿದೆ. ಬಾಟ್ಲಿ ಕೈಗೆ ಸಿಕ್ಕಾಗ ನೆನಪಾಯಿತು: ಈ ಏಪ್ರನ್ನಿಗೆ ಮುಂದಷ್ಟೇ ಸೀಸ, ಬೆನ್ನಿಗೆ ಬರೀ ಲಾಡಿ. ಯಂತ್ರಕ್ಕೆ ಬೆನ್ನು ಕೊಡಬೇಡಿ ಎಂದು ಹೊಸಬರಿಗೆ ಹೇಳಿಕೊಡುವವಳೇ ನಾನು! ಉಳಿದ ಇಪ್ಪತ್ತು ನಿಮಿಷ ಎರಡೂ ಕೈ ಹೊಟ್ಟೆಯ ಮೇಲಿಟ್ಟು ನಿಂತೆ. ಹುಚ್ಚಿ, ಕೈಯೇನು ಸೀಸವೇ?

ಆಪರೇಷನ್ ಮುಗಿದದ್ದೇ ತಡ, ಮೇಡಂ ಹತ್ತಿರ ಓಡಿ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಮೀಟರಿನಿಂದ ವಿಕಿರಣ ಅಳೆದು ಬರೆದಿಟ್ಟ ಹಾಳೆ ತೋರಿಸಿದರು. “ಪರದಿ ಹಿಂದ ಅಗದಿ ಕಡಿಮಿ ಅದ, ಅಂಜಬ್ಯಾಡ್ರಿ. ಆದ್ರ ನೀವು ಮೊದಲ ಖರೇ ಹೇಳಿದ್ದ್ರ ನಿಮ್ಮನ್ನ ಒಳಗ ಬಿಡ್ತಿದ್ದಿಲ್ಲ. ನಿಮ್ಮ ಹೊಟ್ಟ್ಯಾಗಿಂದು ಮೀಟರ್‌ಗೆ ಹೆಂಗ ಗೊತ್ತಾಗಬೇಕ್ರಿ?”

ಮನೆಯಲ್ಲಿ ಅತ್ತೆ ಎಲ್ಲ ಕೇಳಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು.

ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ನಾನು ಕೈ ಎತ್ತಿ ಹೊರಗೆ ಬಂದೆ. ನನ್ನ ಬದಲು ಏಪ್ರನ್ ಕಟ್ಟಿಕೊಂಡವಳು ನವಲಗುಂದದವಳು, ಹೋದ ವರ್ಷವಷ್ಟೇ ಮದುವೆಯಾದ ನರ್ಸು. “ಮತ್ತ ನೀವ್ರೀ?” ಎಂದರು ಮೇಡಂ.

“ಎಲ್ಲೀದು ಬಿಡ್ರಿ ಮೇಡಂ!” ಎಂದು ನಕ್ಕಳು.

ನನ್ನದೇ ಮಾತು, ನನ್ನದೇ ನಗು. ಮುಚ್ಚುತ್ತಿದ್ದ ಬಾಗಿಲಿಗೆ ಕಾಲು ಅಡ್ಡ ಇಟ್ಟೆ. “ಏ ತಂಗೀ, ಹೊರಗ ಬಾ. ಮೊದಲ ನನ್ನ ಮುಂದ ಖರೇ ಹೇಳು.”

ಅವಳ ನಗು ನಿಂತಿತು. ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.