ಸೋಮವಾರದ ಡೈವ್

2014ರಲ್ಲಿ ನಾನು ಸಿಯಾಟಲ್ ಸಮೀಪದ ವಿಮಾನ ಸಂಗ್ರಹಾಲಯವೊಂದರ ದುರಸ್ತಿ ಶೆಡ್‌ನಲ್ಲಿ ಸ್ಟ್ರೆಸ್ ಎಂಜಿನಿಯರ್ ಆಗಿದ್ದೆ. ವಿಮಾನದ ಯಾವ ಭಾಗ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಆ ವರ್ಷ ನಮ್ಮ ಕೈಗೆ ಬಂದದ್ದು 1930ರ ದಶಕದಲ್ಲಿ ನೌಕಾಪಡೆಗಾಗಿ ರೂಪಿಸಿದ ಡೈವ್ ಬಾಂಬರ್. ಒಂದರ ಮೇಲೊಂದು ಎರಡು ರೆಕ್ಕೆಗಳ ಈ ವಿಮಾನ ಶತ್ರುಹಡಗಿನತ್ತ ನೆಟ್ಟಗೆ ಧುಮುಕಿ, ಬಾಂಬು ಬಿಟ್ಟು, ತಕ್ಷಣ ಮೇಲೇಳಬೇಕು. ಏಳುವಾಗ ರೆಕ್ಕೆಗಳ ಮೇಲೆ ವಿಮಾನದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ.

ಈ ಮಾದರಿಯ ಮೊಟ್ಟಮೊದಲ ವಿಮಾನ ಪರೀಕ್ಷಾ ಹಾರಾಟದಲ್ಲೇ ರೆಕ್ಕೆ ಕಳಚಿ ಬಿದ್ದು ಪೈಲಟ್ ಸತ್ತಿದ್ದರು. ವಿಮಾನವನ್ನು ಮಿತಿ ಮೀರಿ ಜೋರಾಗಿ ಮೇಲೆಳೆದದ್ದೇ ಕಾರಣ, ತಪ್ಪು ಪೈಲಟ್‌ನದು ಎಂದು ವರದಿ ಹೇಳಿತ್ತು. ಅವರ ಮಗಳು ಡೊರೊಥಿ ಹತ್ತಿರದ ಶೋರ್‌ಲೈನ್ ಎಂಬ ಊರಿನಲ್ಲಿದ್ದರು; ಎಂಬತ್ತು ದಾಟಿತ್ತು. ಒಂದು ದಿನ ಶೆಡ್‌ಗೆ ಬಂದು, ಅಪ್ಪ ತಪ್ಪು ಮಾಡಿದ್ದು ನಿಜವೇ, ಲೆಕ್ಕ ಹಾಕಿ ಹೇಳುವಿರಾ ಎಂದು ಕೇಳಿದರು. ವರದಿಯ ಆ ಒಂದು ಸಾಲಿನಿಂದಾಗಿ ಅವರ ತಾಯಿ ಬದುಕಿಡೀ ಗಂಡನ ಹೆಸರೆತ್ತಿರಲಿಲ್ಲವಂತೆ.

ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮೈಸೂರಿನ ರಘು ಶನಿವಾರಗಳಂದು ಬಂದು ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಡುತ್ತಿದ್ದ. ಎರಡು ರೆಕ್ಕೆಗಳ ನಡುವಿನ ಕಂಬಕ್ಕೆ ಸ್ಟ್ರಟ್ ಎನ್ನುತ್ತೇವೆ. ಅದರ ಬುಡದ ಉಕ್ಕಿನ ಪಟ್ಟಿಯ ಎರಡು ನಕ್ಷೆಗಳು ಅವನಿಗೆ ಸಿಕ್ಕವು. ಅಪಘಾತಕ್ಕೆ ಮುಂಚಿನದರಲ್ಲಿ ಪಟ್ಟಿ ತೆಳು, ಆಮೇಲಿನದರಲ್ಲಿ ದಪ್ಪ. ಎರಡು ವಾರ ಕೂತು ಲೆಕ್ಕ ಮಾಡಿದೆ. ಪೈಲಟ್‌ಗೆ ಅನುಮತಿಸಿದ ಭಾರದ ಮಿತಿಯೊಳಗೇ ತೆಳು ಪಟ್ಟಿ ಮುರಿಯುವಂಥದು. ಪೈಲಟ್ ತಪ್ಪು ಮಾಡಿರಲಿಲ್ಲ.

ಡೊರೊಥಿಗೆ ಫೋನ್ ಮಾಡಬೇಕೆನ್ನುವಷ್ಟರಲ್ಲಿ ರಘು ವಿಮಾನದ ದೋಷಗಳನ್ನು ಬರೆದಿಡುವ ಹಳೆಯ ಕಾರ್ಡೊಂದನ್ನು ತಂದ. ಅಪಘಾತವಾದ ಸೋಮವಾರದ ಹಿಂದಿನ ಶುಕ್ರವಾರದ್ದು, ಪೈಲಟ್‌ನದೇ ಕೈಬರಹ: ‘ಎಡ ಸ್ಟ್ರಟ್ ಬುಡದಲ್ಲಿ ಕಂಪನ. ಮುಂದಿನ ಡೈವ್‌ಗೆ ಮೊದಲು ಬಿಚ್ಚಿ ನೋಡಬೇಕು.’ ಕೆಳಗೆ ಬೇರೆ ಯಾರದೋ ಬರಹ: ‘ಸೋಮವಾರದ ಹಾರಾಟ ಮುಗಿಯಲಿ.’

“ಮೇಡಂ, ಇದನ್ನೂ ತೋರಿಸ್ಬೇಕಾ? ಅವರಪ್ಪಂದು ತಪ್ಪಿಲ್ಲ ಅಂದ್ರೆ ಸಾಕಲ್ವಾ?” ಎಂದ ರಘು.

“ಅರ್ಧ ಮುಚ್ಚಿಟ್ರೆ ನಮ್ದೂ ಅಂಥದ್ದೇ ವರದಿ ಆಗುತ್ತೆ,” ಎಂದೆ. ಹಾಗೆಂದರೂ ಶೋರ್‌ಲೈನ್ ತಲುಪುವವರೆಗೆ ಮನಸ್ಸು ಹೊಯ್ದಾಡುತ್ತಿತ್ತು.

ಲೆಕ್ಕ ವಿವರಿಸಿದಾಗ ಡೊರೊಥಿ ತಲೆಯಾಡಿಸುತ್ತ ಕೇಳಿದರು. ಕಾರ್ಡನ್ನು ಮಾತ್ರ ಎರಡು ಸಲ ಓದಿದರು.

“ಹಾಗಾದರೆ ಗೊತ್ತಿದ್ದೇ ಹೋದರು,” ಎಂದರು. ಕಾರ್ಡನ್ನು ಮೇಜಿನ ಮೇಲಿಟ್ಟು, “ಆ ಭಾನುವಾರ ಅಪ್ಪ ನನ್ನ ಹತ್ತಿರ ಮಾತೇ ಆಡಲಿಲ್ಲ. ನಾನು ಅವರ ವಾಚ್ ಒಡೆದಿದ್ದೆ. ಆ ಕೋಪದಲ್ಲೇ ಹೋಗಿಬಿಟ್ಟರು ಅಂದುಕೊಂಡಿದ್ದೆ, ಇಷ್ಟು ವರ್ಷ.”

ಕೆಳಗಿನ ಸಾಲು ಬರೆದವರು ಯಾರು ಎಂದು ಕೇಳಿದರು. ಸಹಿ ಇರಲಿಲ್ಲ, ನನಗೂ ಗೊತ್ತಿಲ್ಲ ಎಂದೆ.

ಮರುವರ್ಷ ವಿಮಾನ ಪ್ರದರ್ಶನಕ್ಕೆ ಸಿದ್ಧವಾಯಿತು. ಪೈಲಟ್ ನಿರ್ದೋಷಿ ಎಂಬ ವಿವರವನ್ನು ಅದರ ಫಲಕದಲ್ಲಿ ಬರೆಸಿದೆವು. ಡೊರೊಥಿ ಬರಲಿಲ್ಲ. ಆ ರೆಕ್ಕೆಯ ಕೆಳಗೆ ನಿಲ್ಲುವುದು ತನ್ನಿಂದಾಗದು ಎಂದು ಫೋನಿನಲ್ಲಿ ಹೇಳಿದರು.

ಆ ಎರಡನೇ ಕೈಬರಹದ ಮನುಷ್ಯ ಕೆಟ್ಟವನಿರಲಾರ. ಕೆಲಸ ಹಿಂದೆ ಬಿದ್ದಿರಬೇಕು, ಮೇಲಿನವರು ಅವಸರಪಡಿಸಿರಬೇಕು. ಅಂಥ ಸಾಲುಗಳನ್ನು ನಾನೂ ಬರೆದವಳೇ. ಅಂದಿನಿಂದ ನಿವೃತ್ತಿಯಾಗುವವರೆಗೆ, ಬಿಚ್ಚಿ ನೋಡಬೇಕು ಎಂದು ಯಾರೇ ಹೇಳಿದರೂ ಕೆಲಸ ನಿಲ್ಲಿಸಿ ಬಿಚ್ಚಿಸಿದೆ. ಬಹಳ ಸಲ ಒಳಗೆ ಏನೂ ಇರುತ್ತಿರಲಿಲ್ಲ.